ಕೋರ್ಟ್ ಕೊಡುವ ವಕೀಲರ ಸೇವೆ: ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಐದಕ್ಕೆ ಐದು

ಕ್ಯಾಲಿಫೋರ್ನಿಯಾದಲ್ಲಿ ನನ್ನ ತಮ್ಮನ ಮೇಲೆ ಹೊಡೆದಾಟದ ಕೇಸು ಬಿತ್ತು. ವಕೀಲರನ್ನಿಡಲು ದುಡ್ಡಿರಲಿಲ್ಲ. ಕೋರ್ಟೇ ಒಬ್ಬರನ್ನು ಕೊಟ್ಟಿತು.

ಬೆಳಗ್ಗೆ ಒಂಬತ್ತಕ್ಕೆ ಕಾರಿಡಾರಿನಲ್ಲಿ ಸಿಕ್ಕರು. ಬಾಯಲ್ಲಿ ಪೆಪ್ಪರ್‌ಮಿಂಟು, ಅದನ್ನೂ ಮೀರಿ ಹೆಂಡದ ವಾಸನೆ. ಫೈಲು ಬಿಚ್ಚುವಾಗ ಎರಡು ಹಾಳೆ ಜಾರಿ ಬಿದ್ದವು. ಎತ್ತಿಕೊಳ್ಳಲು ಬಗ್ಗಿದವರು ಗೋಡೆ ಹಿಡಿದುಕೊಂಡರು. ನಾನೇ ಎತ್ತಿಕೊಟ್ಟೆ. ಅದರಲ್ಲಿದ್ದದ್ದು ಬೇರೆ ಯಾರದೋ ಹೆಸರು. ತಮ್ಮನೂ ಅದನ್ನು ನೋಡಿದ. "ಅಕ್ಕಾ, ನಾನು ಜೈಲಿಗೆ ಹೋಗ್ತೀನಾ?" ಅಂದ.

ಈಗ ಸುಮ್ನಿರಿ, ಸೋತರೆ ಅಪೀಲಿನಲ್ಲಿ ಹೇಳಬಹುದು ಅಂತ ಪರಿಚಯದವರೊಬ್ಬರು ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಕೊಟ್ಟ ಸ್ಟ್ರಿಕ್‌ಲ್ಯಾಂಡ್ ತೀರ್ಪಿನ ಪ್ರಕಾರ, ವಕೀಲರು ಕುಡಿದಿದ್ದರು ಅಂದರಷ್ಟೇ ಸಾಲದು. ಕೆಲಸದಲ್ಲಿ ಏನು ಕೆಡಿಸಿದರು, ಕೆಡಿಸದಿದ್ದರೆ ತೀರ್ಪು ಬೇರೆಯಾಗುವ ಸಾಧ್ಯತೆ ಇತ್ತೇ, ಎರಡನ್ನೂ ತೋರಿಸಬೇಕು. ಇದೇ ರಾಜ್ಯದ ಗ್ಯಾರಿಸನ್ ಕೇಸಿನಲ್ಲಿ ವಕೀಲರು ಕುಡಿದು ಕಾರು ಓಡಿಸಿಕೊಂಡು ಕೋರ್ಟಿಗೆ ಬರುವಾಗಲೇ ಸಿಕ್ಕಿಬಿದ್ದಿದ್ದರು. ಆದರೂ ಅವರ ಕೆಲಸ ಸರಿಯಿರಲಿಲ್ಲ ಅನ್ನುವ ವಾದವನ್ನು ರಾಜ್ಯದ ಸುಪ್ರೀಂ ಕೋರ್ಟ್ 1989ರಲ್ಲಿ ಒಪ್ಪಲಿಲ್ಲ. ಟೆಕ್ಸಾಸಿನ ಬರ್ಡೈನ್ ಕೇಸಿನಲ್ಲಿ ವಕೀಲರು ವಿಚಾರಣೆ ನಡೆಯುವಾಗ ಪದೇಪದೇ ನಿದ್ದೆ ಹೋಗಿದ್ದರು. ಅಲ್ಲಿ ಮಾತ್ರ 2001ರಲ್ಲಿ ಫೆಡರಲ್ ಅಪೀಲು ಕೋರ್ಟ್, ವಕೀಲರೇ ಇಲ್ಲದಂತೆ ಆಯಿತು ಅಂತ ಆರೋಪಿಯ ಕೈಹಿಡಿಯಿತು. ನಿದ್ದೆಗೊಂದು ನ್ಯಾಯ, ಕುಡಿತಕ್ಕೊಂದು ನ್ಯಾಯ. ಎಷ್ಟು ಯೋಚಿಸಿದರೂ ಇದು ನನಗೆ ಸರಿ ಅನಿಸುವುದಿಲ್ಲ.

ನಮ್ಮನ್ನು ಉಳಿಸಿದ್ದು ಮಾರ್ಸ್‌ಡೆನ್ ವಿಚಾರಣೆ. ಕೋರ್ಟ್ ಕೊಟ್ಟ ವಕೀಲರನ್ನು ಬದಲಿಸಿ ಅಂತ ಆರೋಪಿ ಜಡ್ಜ್ ಮುಂದೆ ಕಾರಣ ಹೇಳಿ ಕೇಳುವ ಅವಕಾಶ ಅದು, ಇದೇ ರಾಜ್ಯದ 1970ರ ತೀರ್ಪೊಂದರಿಂದ ಬಂದ ಹಕ್ಕು. ತಮ್ಮ ಎದ್ದು ನಿಂತು "ನನಗೆ ಬೇರೆ ವಕೀಲರು ಬೇಕು" ಅಂದ, ಅಷ್ಟೇ. ಜಡ್ಜ್ ಪ್ರಾಸಿಕ್ಯೂಟರನ್ನೂ ನಮ್ಮನ್ನೂ ಹೊರಗೆ ಕಳಿಸಿದರು. ತಮ್ಮ ಒಂದು ಚೀಟಿ ಬರೆದಿಟ್ಟುಕೊಂಡಿದ್ದ: ವಾಸನೆ ಬಂದ ದಿನ, ಬೇರೆಯವರ ಹಾಳೆ, ಎತ್ತದ ಫೋನುಗಳು, ಎಲ್ಲ ತಾರೀಖು ಸಮೇತ. ಓದಿದ್ದೆಲ್ಲ ರೆಕಾರ್ಡಿಗೆ ಹೋಯಿತು. ಬೇರೆ ವಕೀಲರು ಸಿಕ್ಕರು.

ಮೊದಲಿನವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅದು ಕಾಯಿಲೆ, ಚಿಕಿತ್ಸೆ ಸಿಗಲಿ. ಆದರೆ ಗುಣವಾಗುವವರೆಗೆ ಅವರ ಕೈಗೆ ಯಾರ ಫೈಲೂ ಹೋಗಬಾರದು, ಅಲ್ವಾ?

ಹೊಸ ವಕೀಲೆ ಅವತ್ತೇ ಸಂಜೆ ಫೋನ್ ಮಾಡಿದರು. "ಜಗಳ ಆದ ಜಾಗದಲ್ಲಿ ಕ್ಯಾಮೆರಾ ಇತ್ತಾ?" ಅಂತ ಕೇಳಿದರು. ಮೂರು ತಿಂಗಳಲ್ಲಿ ನಮ್ಮನ್ನು ಯಾರೂ ಅದನ್ನು ಕೇಳಿರಲಿಲ್ಲ.