ನಾಟಕದ ಐತಿಹಾಸಿಕ ಉಡುಪಿಗೆ ಫ್ರೀಸೋಯಿಂಗ್ ಪ್ಯಾಟರ್ನ್: ಎಷ್ಟು ಸಾಲುತ್ತದೆ, ಎಲ್ಲಿ ತಿದ್ದಬೇಕು

ಫ್ರೀಸೋಯಿಂಗ್ ಪುಕ್ಕಟೆ ಸಿಗುವ, ಮುಕ್ತ ಆಕರದ ಹೊಲಿಗೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿ) ತಾಣ. ಲಕೋಟೆಯಲ್ಲಿ ಬರುವ ಪ್ಯಾಟರ್ನಿನ ಹಾಗೆ ಸೈಜ್ ಆರಿಸಿಕೊಂಡು ಆಮೇಲೆ ಒದ್ದಾಡಬೇಕಿಲ್ಲ. ಪಾತ್ರಧಾರಿಯ ಅಳತೆ ತುಂಬಿದರೆ ಆ ಮೈಗೇ ಗೆರೆ ಎಳೆದು ಕೊಡುತ್ತದೆ. ಮೈಗೆ ಕೂರುವ ವಿಚಾರದಲ್ಲಿ ಇದನ್ನು ನಂಬಬಹುದು. ಆದರೆ ಕಾಲಕ್ಕೆ ಹೊಂದುವ ಕಟಿಂಗ್ ಕೆಲವೇ ಡಿಸೈನ್‌ಗಳಲ್ಲಿದೆ. ಉಳಿದವೆಲ್ಲ ಇವತ್ತಿನ ಕಟಿಂಗ್, ನಾವೇ ಕತ್ತರಿಸಿ ಅಂಟಿಸಿ ತಿದ್ದಿಕೊಳ್ಳಬೇಕು.

ಮೊದಲು ಅಳತೆಯ ಮಾತು. ನಮ್ಮ ಟೈಲರ್‌ಗಳು ಇಂಚಿನಲ್ಲಿ ಹಿಡಿಯುತ್ತಾರೆ. ಇಲ್ಲಿ ಸೆಂಟಿಮೀಟರೇ ಸಲೀಸು, ಕಾಲು, ಮುಕ್ಕಾಲು, ಅರೆಪಾವುಗಳ ಗೊಂದಲ ಇರುವುದಿಲ್ಲ. ಎದೆಸುತ್ತು, ಕತ್ತು, ತೋಳಿನ ಉದ್ದ ಯಾರಿಗಾದರೂ ಗೊತ್ತು. ತಲೆನೋವು ಭುಜದ ಇಳಿಜಾರಿನದು. ಅದನ್ನು ಡಿಗ್ರಿಯಲ್ಲಿ ಕೇಳುತ್ತದೆ. ಮೊಬೈಲಿನಲ್ಲಿ ಕೋನ ತೋರಿಸುವ ಆ್ಯಪ್ ಹಾಕಿಕೊಂಡು ಫೋನಿನ ಅಂಚನ್ನು ಕತ್ತಿನ ಬುಡದಿಂದ ಭುಜದ ತುದಿಯವರೆಗೆ ಇಟ್ಟರೆ ಸಾಕು. ಎರಡೂ ಭುಜ ನೋಡಿ ಸರಾಸರಿ ಬರೆದುಕೊಳ್ಳಿ. ಇದನ್ನು ಅಂದಾಜಿನಲ್ಲಿ ತುಂಬಿದರೆ ಕತ್ತಿನ ಹಿಂದೆ ಅಡ್ಡ ಸುಕ್ಕು ಬೀಳುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಹೊಡೆದರೂ ಹೋಗುವುದಿಲ್ಲ. ಬಟ್ಟೆ ಮೈಯಳತೆಗಿಂತ ಎಷ್ಟು ಸಡಿಲ ಇರಬೇಕು ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಕೇಳುತ್ತದೆ: 96 ಸೆಂ.ಮೀ. ಎದೆಗೆ ಶೇ. 8 ಎಂದರೆ ಸುಮಾರು 7.7 ಸೆಂ.ಮೀ.

ಪ್ರಿಂಟ್ ತೆಗೆಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಪ್ರಿಂಟರ್ ತಾನಾಗಿ ಪುಟಕ್ಕೆ ಹೊಂದಿಸಿ ಚಿಕ್ಕದು ಮಾಡಿಬಿಡುತ್ತದೆ. ಹಾಳೆಯ ಮೇಲೆ ಒಂದು ಪರೀಕ್ಷಾ ಚೌಕಟ್ಟು ಬರುತ್ತದೆ. ಅದರ ಒಳಗಿನ ಬಿಳಿ ಭಾಗ 10 x 5 ಸೆಂ.ಮೀ., ಹೊರಗಿನ ಕಪ್ಪು ಅಂಚು 4 x 2 ಇಂಚು ಇರಬೇಕು. ಆ ಪುಟವೊಂದನ್ನೇ ಮೊದಲು ತೆಗೆಸಿ ಸ್ಕೇಲ್ ಇಟ್ಟು ನೋಡಿ. ಎ4 ಹಾಳೆ ಅಂಟಿಸುವುದು ಬೇಸರ ಎನ್ನುವವರು ಕಟ್ಟಡದ ನಕ್ಷೆ ಪ್ರಿಂಟ್ ಮಾಡುವ ಪ್ಲಾಟರ್ ಅಂಗಡಿಯಲ್ಲಿ ಎ0 ತೆಗೆಸಿಕೊಳ್ಳಬಹುದು. ಪ್ರಿಂಟೇ ಬೇಡ ಎಂದರೂ ದಾರಿಯಿದೆ. ‘ಪೇಪರ್‌ಲೆಸ್’ ಆಯ್ಕೆ ಒತ್ತಿದರೆ ಪ್ರತಿ ಗೆರೆಯ ಅಳತೆಯೂ ಚಿತ್ರದ ಮೇಲೇ ಬರುತ್ತದೆ, ಕಂದು ಕಾಗದದ ಮೇಲೆ ನೇರವಾಗಿ ಬರೆದುಕೊಳ್ಳಬಹುದು. ಹತ್ತು ಮೈಕಟ್ಟಿನ ಹತ್ತು ಜನಕ್ಕೆ ಒಂದೇ ವೇಷ ಹೊಲಿಯಬೇಕಾದ ತಂಡಕ್ಕೆ ಇದೊಂದು ಸೌಲಭ್ಯವೇ ದೊಡ್ಡದು.

ಈಗ ತಿದ್ದುವ ಕೆಲಸಕ್ಕೆ ಬರೋಣ. ಕಿತ್ತೂರಿನ ನಾಟಕಗಳಲ್ಲಿ ಥ್ಯಾಕರೆಗೆ ಕೆಂಪು ಸೈನಿಕ ಕೋಟು ತೊಡಿಸುವುದು ರೂಢಿ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನಲ್ಲಿ ಸತ್ತ ಆತ ಧಾರವಾಡದ ಕಲೆಕ್ಟರ್, ಪೊಲಿಟಿಕಲ್ ಏಜೆಂಟ್. ಸೈನ್ಯದವನಲ್ಲ. ಅವನಿಗೆ ಬೇಕಾದದ್ದು ಕಡುನೀಲಿ ಇಲ್ಲವೇ ಕಂದು ಬಣ್ಣದ ಬಾಲದ ಕೋಟು. ತಾಣದಲ್ಲಿ ಅಂಥ ಕೋಟು ಸಿದ್ಧವಾಗಿಲ್ಲ. ಗಂಡಸರ ಮೇಲುಡುಪಿನ ಮೂಲ ಪ್ಯಾಟರ್ನ್ ‘ಬೆಂಟ್’ ಇಳಿಸಿಕೊಳ್ಳಿ, ಇದರಲ್ಲಿ ಎರಡು ತುಂಡಿನ ತೋಳಿದೆ. ಇಳಿಸುವಾಗ ಹೊಲಿಗೆ ಮಾರ್ಜಿನ್ ಆಫ್ ಮಾಡಿ. ಮಾರ್ಜಿನ್ ಸಮೇತ ಕತ್ತರಿಸಿ ಜೋಡಿಸಿದರೆ ಪ್ರತಿ ಜೋಡಣೆಗೂ 2 ಸೆಂ.ಮೀ. ಹೆಚ್ಚಾಗುತ್ತಾ ಹೋಗುತ್ತದೆ.

ಆ ಕಾಲದ ಕೋಟಿನ ಗುರುತು ಬೆನ್ನಿನಲ್ಲಿ. ಭುಜದ ಹೊಲಿಗೆ ಭುಜದ ನೆತ್ತಿಯ ಮೇಲಿರದೆ ಹಿಂದಕ್ಕೆ ಜಾರಿರುತ್ತದೆ. ಅದಕ್ಕೆ ಹಿಂಭಾಗದ ಭುಜದ ಅಂಚಿನಿಂದ ಕತ್ತಿನ ಕಡೆ 1.5 ಸೆಂ.ಮೀ., ತೋಳಿನ ಕಡೆ 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಮುಂಭಾಗದ ಭುಜಕ್ಕೆ ಅಂಟಿಸಿ. ಬೆಂಟ್‌ನ ಪಕ್ಕದ ಗೆರೆ ಹೆಚ್ಚುಕಡಿಮೆ ನೇರ, ಹಾಗಾಗಿ ಮುಂದಿನ ಹಿಂದಿನ ತುಂಡುಗಳನ್ನು ಪಕ್ಕದಲ್ಲಿ ಕೂಡಿಸಿ ಒಂದೇ ತುಂಡು ಮಾಡಿಕೊಳ್ಳಬಹುದು. ಆಮೇಲೆ ಹಿಂದಿನ ಆರ್ಮ್‌ಹೋಲ್‌ನಲ್ಲಿ (ತೋಳು ಕೂಡಿಸುವ ತೂತಿನ ಅಂಚು) ಕಂಕುಳಿನಿಂದ 9–10 ಸೆಂ.ಮೀ. ಮೇಲೆ ಗುರುತು ಹಾಕಿ, ಅಲ್ಲಿಂದ ಸೊಂಟದಲ್ಲಿ ಬೆನ್ನಿನ ನಡುಗೆರೆಯಿಂದ 4 ಸೆಂ.ಮೀ. ದೂರಕ್ಕೆ ಬಾಗಿದ ಗೆರೆ ಎಳೆದು ಕತ್ತರಿಸಿ. ಸೊಂಟದ ಬಿಗಿಯೆಲ್ಲ ಬರುವುದು ಇಲ್ಲಿಂದಲೇ. ಉದಾಹರಣೆಗೆ ಪ್ಯಾಟರ್ನಿನ ಸೊಂಟ 104 ಇದ್ದು ಕೋಟಿಗೆ 90 ಬೇಕಿದ್ದರೆ ಒಂದೊಂದು ಪಕ್ಕಕ್ಕೆ 7 ಸೆಂ.ಮೀ. ತೆಗೆಯಬೇಕು: ಈ ಬಾಗುಗೆರೆಯಲ್ಲಿ 4, ಬೆನ್ನಿನ ನಡುವೆ 1, ಕಂಕುಳ ಕೆಳಗೆ ಡಾರ್ಟ್ (ಒಳಗೆ ಹಿಡಿದು ಹೊಲಿಯುವ ಚೂಪು ಮಡಿಕೆ) ಹಾಕಿ 2. ಏಳನ್ನೂ ಒಂದೇ ಕಡೆ ಎಳೆದರೆ ಬೆನ್ನು ಓರೆಯಾಗಿ ಜಗ್ಗುತ್ತದೆ.

ಕೈ ಎತ್ತಿದಾಗ ಕೋಟು ಪೂರ್ತಿ ಮೇಲೇಳುವುದು ಬಾಡಿಗೆ ವೇಷಗಳ ಹಳೇ ರೋಗ. ಕಾರಣ ಆರ್ಮ್‌ಹೋಲ್ ತೀರಾ ಆಳ. ಕಂಕುಳಲ್ಲಿ 2 ಸೆಂ.ಮೀ. ಮೇಲಕ್ಕೆ ತನ್ನಿ. ತೋಳಿನ ಕಂಕುಳ ಬಿಂದುವನ್ನೂ ಅಷ್ಟೇ ಎತ್ತರಿಸಿ, ಇಲ್ಲದಿದ್ದರೆ ಮಾಡಿದ್ದು ವ್ಯರ್ಥ. 1820ರ ದಶಕದಲ್ಲಿ ತೋಳಿನ ತಲೆ ತುಸು ಉಬ್ಬಿರುತ್ತಿತ್ತು, ನೆರಿಗೆಗೆಂದು 4 ಸೆಂ.ಮೀ. ಕೂಡಿಸಿ. ಉದ್ದ ಮಣಿಕಟ್ಟು ದಾಟಿ 3–4 ಸೆಂ.ಮೀ. ಬರಲಿ. ಬಾಲ ಮಂಡಿಯ ಹಿಂಬದಿಯವರೆಗೆ. ಬೆನ್ನಿನ ನಡುತುಂಡು ಸೊಂಟದಲ್ಲಿ ಕತ್ತರಿಸದೆ ಹಾಗೇ ಬಾಲಕ್ಕೆ ಇಳಿಯಬೇಕು, ಪಕ್ಕದ ಬಾಲವನ್ನು ಮಾತ್ರ ಸೊಂಟದ ಹೊಲಿಗೆಗೆ ಕೂಡಿಸಿ, ಮಡಿಕೆಗೆ 2.5 ಸೆಂ.ಮೀ. ಬಿಡಿ. ಕಾಲರ್‌ಗೆ ಎರಡು ಪದರ ಬಕ್ರಂ ಹಾಕದಿದ್ದರೆ ಎರಡನೇ ಅಂಕದ ಹೊತ್ತಿಗೆ ಜೋತುಬೀಳುತ್ತದೆ.

ಇದೇ ಕಾಗದ ಈಸ್ಟ್ ಇಂಡಿಯಾ ಕಂಪನಿಯ ಸೇನಾ ಅಧಿಕಾರಿಯ ಕೋಟಿಗೂ ಆಗುತ್ತದೆ. ಎದುರು ಪೂರ್ತಿ ಮುಚ್ಚಿ, 7–8 ಸೆಂ.ಮೀ. ನೆಟ್ಟಗಿನ ಕಾಲರ್ ಕೊಟ್ಟು, ಬಾಲ ಮೊಟಕು ಮಾಡಿದರೆ ಮುಗಿಯಿತು. ಅಧಿಕಾರಿಗಳ ಕೆಂಪು ಹೊಳಪಿನದು, ಸಿಪಾಯಿಗಳದು ಮಂಜಿಷ್ಠದ ಮಬ್ಬು ಕೆಂಪು. ಎಲ್ಲರಿಗೂ ಒಂದೇ ಸ್ಯಾಟಿನ್ ಹಾಕಿದರೆ ಬ್ಯಾಂಡ್‌ಸೆಟ್ ಆಗುತ್ತದೆ. ಉಣ್ಣೆಯ ಮೆಲ್ಟನ್ ದುಬಾರಿ, ದಪ್ಪ ಕಾಟನ್ ಡ್ರಿಲ್ ಸಾಕು. 58 ಇಂಚು ಪನ್ನದಲ್ಲಿ 3 ಮೀಟರ್ ಇಟ್ಟುಕೊಳ್ಳಿ. ಮೆಲ್ಟನ್ ಎಳೆ ಬಿಡುವುದಿಲ್ಲ, ಆ ಕಾಲದವರು ಅಂಚು ಮಡಿಸದೆ ಬಿಡುತ್ತಿದ್ದರು. ಡ್ರಿಲ್ ಎಳೆ ಬಿಡುತ್ತದೆ, ಮಡಿಸಲೇಬೇಕು. ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು, ಪಾತ್ರಧಾರಿಗೆ ಕತ್ತಿ ಬೀಸಲು ಹೇಳಿ ನೋಡಿ.

ರೋಮನ್ ವೇಷಕ್ಕೆ ಇಷ್ಟು ಕಷ್ಟವಿಲ್ಲ. ‘ಟೈಬೀರಿಯಸ್’ ಟ್ಯೂನಿಕ್, ‘ಲುನೇಷಿಯಸ್’ ಮೇಲುಹೊದಿಕೆ ಎರಡೂ ಇವೆ. ಟ್ಯೂನಿಕ್ಕಿನ ಉದ್ದಪಟ್ಟಿಗಳ ಜಾಗವನ್ನೂ ಪ್ಯಾಟರ್ನ್ ತೋರಿಸುತ್ತದೆ. ಸೆನೆಟರ್‌ಗೆ ಅಗಲ ಪಟ್ಟಿ, ಕೆಳಗಿನ ಈಕ್ವೆಸ್ಟ್ರಿಯನ್ ದರ್ಜೆಗೆ ಸಣ್ಣದು. ನಡು ಕಟ್ಟಿದರೆ ಬಟ್ಟೆ 5–8 ಸೆಂ.ಮೀ. ಮೇಲೇರುತ್ತದೆ, ಕತ್ತರಿಸುವಾಗಲೇ ಆ ಲೆಕ್ಕ ಹಿಡಿಯಿರಿ. ಮೈಗೆ ಸುತ್ತಿಕೊಳ್ಳುವ ಟೋಗಾ ಮಾತ್ರ ನಿಮ್ಮ ಪಾಲಿಗೆ. ಪಂಚೆ ಹೊದೆಸಿ ಸೀಸರ್ ಎಂದರೆ ಅದು ಪಂಚೆಯಾಗಿಯೇ ಕಾಣುತ್ತದೆ, ಏಕೆಂದರೆ ಟೋಗಾದ ಒಂದು ಅಂಚು ಬಾಗಿರುತ್ತದೆ, ಅಗಲವೂ ಸೀರೆಯ ಪನ್ನಕ್ಕಿಂತ ಎಷ್ಟೋ ಹೆಚ್ಚು. ಎರಡು ಪನ್ನ ಕೂಡಿಸಿ ಮೂಲೆಗಳನ್ನು ಗುಂಡಗೆ ಕತ್ತರಿಸಿ.

18ನೇ ಶತಮಾನದ ಯುರೋಪಿನ ಹೆಂಗಸರ ಒಳಅಂಗಿ ‘ಜೇನ್’ ಚೆನ್ನಾಗಿದೆ. ಆ ಕಾಲದ ಇಂಥ ಅಂಗಿಯ ಗುಟ್ಟು ಕಂಕುಳಲ್ಲಿ ಕೂಡಿಸುವ ಚೌಕದ ತುಂಡು. ಅದರ ಮೂಲೆಗಳಲ್ಲಿ ಹೊಲಿಗೆಯನ್ನು ಅಂಚಿನವರೆಗೆ ಒಯ್ಯದೆ ಮಾರ್ಜಿನ್ ಗೆರೆಯಲ್ಲೇ ನಿಲ್ಲಿಸಿ, ಇಲ್ಲವಾದರೆ ಮೂಲೆ ಚುರುಟಿ ಮೊದಲು ಹರಿಯುವುದು ಅಲ್ಲೇ.

‘ಕ್ಯಾಥ್ರಿನ್’ ಎಂಬ ಕಾರ್ಸೆಟ್ಟನ್ನು (ಸೊಂಟ ಬಿಗಿಯುವ ಕವಚ) ತಾಣ 11 ಅಥವಾ 13 ತುಂಡಿನಲ್ಲಿ ಕೊಡುತ್ತದೆ, ಕಟಿಂಗ್ ಅಚ್ಚುಕಟ್ಟು. ಆದರೆ ಅದು ಎದೆಯ ಕೆಳಗೆ ನಿಲ್ಲುವ ಬಗೆ. 18ನೇ ಶತಮಾನದ ಗೌನಿನ ಕೆಳಗೆ ಇದನ್ನು ಹಾಕಬೇಡಿ. ಆಗಿನ ಕವಚ ಎದೆಯನ್ನೂ ಮುಚ್ಚಿ ಮೈಯನ್ನು ಮೇಲಗಲ ಕೆಳಕಿರಿದಾದ ಆಲಿಕೆಯಂತೆ ನಿಲ್ಲಿಸುತ್ತಿತ್ತು. ಕ್ಯಾಥ್ರಿನ್ ಸೊಂಟ ಹಿಂಡಿ ಎದೆಯನ್ನು ಹಾಗೇ ಬಿಡುತ್ತದೆ, ಮೇಲಿನ ಗೌನ್ ಎಷ್ಟೇ ಸರಿಯಿದ್ದರೂ ಎದೆಯ ಮೇಲೆ ಸುಕ್ಕುಗಟ್ಟುತ್ತದೆ.

ಸೂಚನೆಗಳು ಒಂದೊಂದು ಡಿಸೈನ್‌ಗೆ ಒಂದೊಂದು ಥರ: ಕೆಲವಕ್ಕೆ ಹೆಜ್ಜೆ ಹೆಜ್ಜೆಗೂ ವಿವರಣೆ, ಕೆಲವಕ್ಕೆ ನಾಲ್ಕು ಸಾಲು. ಕನ್ನಡದಲ್ಲಿ ಇಲ್ಲ. ಹೊಸದಾಗಿ ಮಿಷನ್ ಹಿಡಿದವರು ಟೈಬೀರಿಯಸ್‌ನಿಂದ ಶುರುಮಾಡಲಿ. ಬೆಂಟ್ ತಿದ್ದುವ ಕೆಲಸಕ್ಕೆ ಒಂದೆರಡು ಕೋಟಾದರೂ ಬಿಚ್ಚಿ ಹೊಲಿದ ಕೈ ಬೇಕು.