ಆರ್‌ಎಕ್ಸ್ 100ಕ್ಕೆ ಯಾವ ಕಾರ್ಬ್ಯುರೇಟರ್? ನಾಲ್ಕನ್ನೂ ಹಾಕಿ ನೋಡಿದ ಮೇಲೆ

ಆರ್‌ಎಕ್ಸ್ 100 (ಯಮಹಾದ ಹಳೆಯ ಟೂ ಸ್ಟ್ರೋಕ್ ಬೈಕು) ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗೆಲ್ಲ ಆಫ್ ಆಗುತ್ತಿದೆ ಅಂದರೆ ಬಹಳ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ. "ಕಾರ್ಬ್ಯುರೇಟರ್ ಹೋಗಿದೆ ಸಾರ್, ಹೊಸಾದು ಹಾಕಿಸ್ಬಿಡಿ." ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಹೋಗಿದೆ ಸರಿ, ಅದರೊಳಗೆ ಏನು ಹೋಗಿದೆ? ಇದನ್ನು ಕೇಳಲೇಬೇಕು. ಇನ್ನೂರು ಮುನ್ನೂರು ರೂಪಾಯಿಯಲ್ಲಿ ಮುಗಿಯುತ್ತದೋ, ಮೂರು ಸಾವಿರ ಬಿಚ್ಚಬೇಕೋ ಅನ್ನುವುದು ಅದರ ಮೇಲೆ ನಿಂತಿದೆ.

ನನ್ನ ಗಾಡಿಯಲ್ಲಿ ನಾಲ್ಕು ಥರ ಓಡಿಸಿ ನೋಡಿದ್ದೇನೆ. ಹಳೆಯದಕ್ಕೇ ಕಿಟ್ ಹಾಕಿ ರಿಪೇರಿ, ಸಾವಿರದ ಆಸುಪಾಸಿನ ಲೋಕಲ್ ನಕಲು, ಒರಿಜಿನಲ್ ಹೊಸದು, ಮತ್ತೆ ಹುಡುಗರು ಇಷ್ಟಪಡುವ ದೊಡ್ಡ ಬಾಯಿಯ ಫ್ಲ್ಯಾಟ್ ಸ್ಲೈಡ್ ಕಾರ್ಬ್ಯುರೇಟರ್.

ಈ ಗಾಡಿ ಇಲ್ಲಿ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಅಂದರೆ ತೀರಾ ಕೊನೆಯ ಗಾಡಿಗೂ ಮೂವತ್ತು ವರ್ಷದ ಹತ್ತಿರ. ಅದರ 20 ಎಂಎಂ ಬಾಯಿಯ ಮಿಕುನಿ ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗೆಲ್ಲ ಗಾಳಿಯ ದಾರಿ ತೆರೆದು ಮುಚ್ಚುವ ಒಂದು ಸ್ಲೈಡ್ ಮೇಲೆ ಕೆಳಗೆ ಓಡಾಡುತ್ತದೆ. ಅಷ್ಟು ವರ್ಷ ಲೋಹಕ್ಕೆ ಲೋಹ ಉಜ್ಜಿದರೆ ಸವೆಯದೆ ಇರುತ್ತಾ? ಆದರೆ ಎಲ್ಲ ಗಾಡಿಯಲ್ಲೂ ಒಂದೇ ಸಮ ಸವೆದಿರುವುದಿಲ್ಲ. ಏರ್ ಫಿಲ್ಟರ್ ಇಲ್ಲದೆ ಧೂಳಲ್ಲಿ ಓಡಿಸಿದ್ದು ಬೇಗ ಹೋಗಿರುತ್ತದೆ.

ಕಾರ್ಬ್ಯುರೇಟರ್ ಬಿಚ್ಚುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸ್ಲೋ ಸ್ಪೀಡಿನಲ್ಲಿ ಬಿಟ್ಟು, ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ಜಾಯಿಂಟಿಗೆ ಕಾರ್ಬ್ ಕ್ಲೀನರನ್ನು ಒಂದೇ ಒಂದು ಸಲ ಸ್ಪ್ರೇ ಮಾಡಿ. ಪ್ಲಗ್ ಕ್ಯಾಪ್, ಸೈಲೆನ್ಸರ್ ಕಡೆ ಹೋಗಬಾರದು, ಬೆಂಕಿ ಹತ್ತುವ ವಸ್ತು ಅದು. ಎಂಜಿನ್ ಸದ್ದು ಬದಲಾಯಿತು ಅಂದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಆಗ ಯಾವ ಕಾರ್ಬ್ಯುರೇಟರ್ ತಂದು ಹಾಕಿದರೂ ಅದೇ ರೋಗ.

ಮೊದಲು ರಿಪೇರಿಯ ಕಥೆ. ಕಿಟ್‌ನಲ್ಲಿ ಸಾಮಾನ್ಯವಾಗಿ ಫ್ಲೋಟ್ ಪಿನ್ (ಪೆಟ್ರೋಲ್ ಒಳಬರುವುದನ್ನು ತಡೆಯುವ ಸೂಜಿ), ಗ್ಯಾಸ್ಕೆಟ್, ಓ-ರಿಂಗ್ ಇರುತ್ತವೆ, ಕೆಲವದರಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳೂ ಬರುತ್ತವೆ. ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿದಾಗ ತಳದಲ್ಲಿ ಬಿಳಿ ಪುಡಿ, ಹಸಿರು ಕಿಲುಬು ಕಂಡರೆ ಅರ್ಧ ಕಾರಣ ಸಿಕ್ಕಂತೆ. ಸ್ಲೋ ಸ್ಪೀಡಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ತೂತು ಕೂದಲಿನಷ್ಟು ಸಣ್ಣದು. ಕೆಲವರು ಅದಕ್ಕೆ ಗುಂಡುಸೂಜಿ ಚುಚ್ಚುತ್ತಾರೆ. ಹಿತ್ತಾಳೆ ಮೆದು, ತೂತು ಅಗಲವಾದರೆ ಆ ಜೆಟ್ ಕಸಕ್ಕೆ. ಹಳೇ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು, ಆಮೇಲೆ ಕಂಪ್ರೆಸರ್ ಗಾಳಿ. ಫ್ಲೋಟ್ ಪಿನ್ನಿನ ತುದಿಯಲ್ಲಿ ಉಗುರಿಗೆ ಸಿಗುವಂತೆ ಉಂಗುರದ ಗೆರೆ ಬಿದ್ದಿದ್ದರೆ ಪೆಟ್ರೋಲ್ ಸೋರುವುದು ಅಲ್ಲಿಂದ. ಚೋಕ್ ಪ್ಲಂಜರಿನ ತಳದ ರಬ್ಬರನ್ನಂತೂ ಯಾರೂ ನೋಡುವುದೇ ಇಲ್ಲ. ಅದು ಗಟ್ಟಿಯಾಗಿಬಿಟ್ಟರೆ ಚೋಕ್ ಹಾಕದಿದ್ದರೂ ಅರ್ಧ ಚೋಕ್ ಹಾಕಿದಂತೆ. ಪ್ಲಗ್ ಕಪ್ಪಾಗುತ್ತಲೇ ಇರುತ್ತದೆ, ನೀವು ಪ್ಲಗ್ ಬದಲಾಯಿಸುತ್ತಲೇ ಇರುತ್ತೀರಿ.

ಇಷ್ಟನ್ನೂ ಮಾಡಿದ ಮೇಲೆ ನನ್ನ ಹಳೆಯದು ಎಷ್ಟು ಚೆನ್ನಾಗಿ ಎಳೆಯಿತೆಂದರೆ, ಅರ್ಧ ಥ್ರಾಟಲಿನಿಂದ ಮೇಲೆ ಮುಂದೆ ಹಾಕಿದ ಯಾವುದೂ ಅದಕ್ಕೆ ಸಮ ಬರಲಿಲ್ಲ. ಸ್ಲೋ ಸ್ಪೀಡ್ ಮಾತ್ರ ಸರಿಹೋಗಲಿಲ್ಲ. ತಣ್ಣಗಿದ್ದಾಗ ಒಂದು ಥರ, ಬಿಸಿಯಾದ ಮೇಲೆ ಇನ್ನೊಂದು ಥರ. ಥ್ರಾಟಲ್ ಬಿಟ್ಟರೂ ಸದ್ದು ತಕ್ಷಣ ಇಳಿಯುವುದಿಲ್ಲ. ಸ್ಲೈಡನ್ನು ಬರೀ ಬಾಡಿಯೊಳಗೆ ಇಳಿಸಿ ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿದೆ. ಟಕ್ ಟಕ್ ಅಂತ ಬಡಿಯಿತು. ಎಂಜಿನ್ ಕಡೆಯ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು, ಆಚೆ ಕಡೆ ಮಾಸಲಾಗಿಯೇ ಇತ್ತು. ಇದಕ್ಕೆ ಯಾವ ಕಿಟ್ಟೂ ಇಲ್ಲ. ಹೊಸ ಸ್ಲೈಡ್ ಒಂದನ್ನೇ ಹಾಕಿದರೆ ಸ್ವಲ್ಪ ವಾಸಿ, ಆದರೆ ಸವೆದಿರುವುದು ಬಾಡಿ ಕೂಡ.

ಆಗ ನಕಲು ತಂದೆ. ಬೆಂಗಳೂರಿನ ಜೆ.ಸಿ. ರೋಡಿನಂಥ ಬಿಡಿಭಾಗದ ಪೇಟೆಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಪಳಪಳ ಹೊಳೆಯುತ್ತದೆ, ಬೋಲ್ಟ್ ಸರಿಯಾಗಿ ಕೂರುತ್ತದೆ, ಮೊದಲ ಕಿಕ್ಕಿಗೇ ಸ್ಟಾರ್ಟ್. ಸ್ಲೋ ಸ್ಪೀಡ್ ಅಂತೂ ಹಳೆಯದಕ್ಕಿಂತ ಎಷ್ಟೋ ಮೇಲು, ಸ್ಲೈಡ್ ಹೊಸದಲ್ವಾ. ತೊಂದರೆ ಶುರುವಾಗುವುದು ಓಡಿಸುವಾಗ. ಕಾಲು ಥ್ರಾಟಲಿನಲ್ಲಿ ಎಂಜಿನ್ ಬಿಟ್ಟು ಬಿಟ್ಟು ಹೊಡೆಯುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ಸ್ಲೈಡಿಗೆ ನೇತುಬಿದ್ದ ನೀಡಲ್‌ನ ಕ್ಲಿಪ್ಪನ್ನು ಒಂದು ಕಚ್ಚು ಮೇಲೇರಿಸಿ ಪೆಟ್ರೋಲ್ ಕಮ್ಮಿ ಮಾಡಿದರೆ ಅದು ಸರಿಹೋಗುತ್ತದೆ, ಆದರೆ ಮುಕ್ಕಾಲು ಥ್ರಾಟಲಿನಲ್ಲಿ ಉಸಿರು ಕಟ್ಟುತ್ತದೆ. ಹಳೆಯ ಮೇನ್ ಜೆಟ್ ಮತ್ತು ನಕಲಿನ ಜೆಟ್ ಎರಡನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದು ನೋಡಿದೆ. ಎರಡರ ಮೇಲೂ ಒಂದೇ ನಂಬರು. ಒಂದರ ತೂತು ನೀಟಾಗಿ ಗುಂಡಗಿದೆ, ಇನ್ನೊಂದರ ಅಂಚಿನಲ್ಲಿ ಹಿತ್ತಾಳೆಯ ಸಿಬಿರು. ಹಳೆಯ ಜೆಟ್ಟು, ನೀಡಲ್ ಇದಕ್ಕೆ ಹಾಕಿದ ಮೇಲೆ ಓಡಿಸುವ ಮಟ್ಟಕ್ಕೆ ಬಂತು. ಕೆಲಸಕ್ಕೆ ಹೋಗಿ ಬರಲು ಸಾಕು. ಅದಕ್ಕಿಂತ ಹೆಚ್ಚು ಅದರಿಂದ ಕೇಳಬಾರದು.

ಒರಿಜಿನಲ್ ಹೊಸದು ಅಂದರೆ ಮಿಕುನಿ ತಂತ್ರಜ್ಞಾನದಲ್ಲಿ ಚೆನ್ನೈನ ಯೂಕಾಲ್ ಮಾಡುವುದು. ಬೆಲೆ ನಕಲಿನ ಎರಡು ಮೂರು ಪಟ್ಟು. ಡಬ್ಬದ ಮೇಲಿನ ಹೆಸರು ನೋಡಿ ದುಡ್ಡು ಕೊಡಬೇಡಿ, ಡಬ್ಬವೂ ನಕಲಾಗುತ್ತದೆ. ಬಾಡಿಯ ಮೇಲಿನ ಅಚ್ಚು ಸ್ಪಷ್ಟವಾಗಿದೆಯಾ, ಒಳಗೆ ಎರಕದ ತರಿ ಉಳಿದಿದೆಯಾ, ಸ್ಲೈಡ್ ಬಿಟ್ಟರೆ ತಡೆಯಿಲ್ಲದೆ ಇಳಿಯುತ್ತದಾ ಅಂತ ಅಲ್ಲೇ ನೋಡಿ. ಹಾಕಿದ ಮೇಲೆ ಹೇಳುವುದಕ್ಕೆ ಜಾಸ್ತಿ ಏನಿಲ್ಲ. ಸ್ಲೋ ಸ್ಪೀಡಿನ ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಒಂದೂವರೆ ಸುತ್ತಿನ ಆಸುಪಾಸಿನಲ್ಲಿ ಸ್ವಲ್ಪ ಆಡಿಸಿದೆ, ಅಷ್ಟೇ. ಗಾಡಿ ಗಾಡಿಯ ಹಾಗೆ ಓಡಿತು.

ಫ್ಲ್ಯಾಟ್ ಸ್ಲೈಡ್ ಬಗ್ಗೆ ಬೇಗ ಮುಗಿಸುತ್ತೇನೆ. 98 ಸಿಸಿ ಎಂಜಿನ್ನಿಗೆ 28 ಎಂಎಂ ಬಾಯಿ. ಪೋರ್ಟಿಂಗ್ (ಸಿಲಿಂಡರಿನ ಕಿಂಡಿಗಳು), ಸೈಲೆನ್ಸರ್ ಏನೂ ಬದಲಾಯಿಸದೆ ಹಾಕಿದರೆ ಕೆಳಗಿನ ಎಳೆತ ಸತ್ತೇ ಹೋಗುತ್ತದೆ. ಸದ್ದು ಚೆನ್ನಾಗಿದೆ. ಬೇಡ.

ಇನ್ನು ಪೆಟ್ರೋಲ್ ವಿಷಯ. 2023ರ ಫೆಬ್ರವರಿ 6ರಂದು ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಹಾಗಾಗಿ ಹಳೆಯ ಜೆಟ್ಟಿನಲ್ಲೇ ಇ20 ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿ, ಇಂಧನ ಕಮ್ಮಿ. ಎಂಜಿನ್ ಬಿಸಿ ಏರುತ್ತದೆ. ಟೂ ಸ್ಟ್ರೋಕಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುವುದು ಇಲ್ಲಿಂದಲೇ. ಎತ್ತರವೂ ಸೇರಿಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ಟ್ಯೂನ್ ಮಾಡಿದ ಗಾಡಿಯನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರೆ ಅಲ್ಲಿ ಗಾಳಿ ದಟ್ಟ, ಮಿಶ್ರಣ ಇನ್ನೂ ತೆಳು. ಒರಿಜಿನಲ್‌ನಲ್ಲಿ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ನೆಮ್ಮದಿ. ನಕಲಿನಲ್ಲಿ ನಂಬರನ್ನೇ ನಂಬುವ ಹಾಗಿಲ್ಲ, ಒಂದು ಸೈಜ್ ಅಂದರೆ ಎಷ್ಟು ಅಂತ ಯಾರಿಗೆ ಗೊತ್ತು? ದೂರದ ಪ್ರಯಾಣ ಇರುವವರು ಅದನ್ನು ಬಿಡುವುದಕ್ಕೆ ಈ ಕಾರಣ ಒಂದೇ ಸಾಕು.

ನನ್ನನ್ನು ಕೇಳಿದರೆ, ಸ್ಲೈಡ್ ಅಲ್ಲಾಡದಿದ್ದರೆ ಹಳೆಯದನ್ನು ಬಿಡಬೇಡಿ, ಕಿಟ್ ಹಾಕಿಸಿ. ಟಕ್ ಟಕ್ ಅಂದರೆ ದುಡ್ಡು ಕೂಡಿಸಿ ಒರಿಜಿನಲ್ಲನ್ನೇ ತನ್ನಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಮ್ಮಿ ಕಾರ್ಬ್ಯುರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್ನಿಗೆ ಹೋದವು. ಕಾರ್ಬ್ಯುರೇಟರಿಗೆ ಕೈ ಹಾಕುವ ಹೊಸ ಹುಡುಗರು ಕಮ್ಮಿಯಾಗುತ್ತಿದ್ದಾರೆ, ಬಿಡಿಭಾಗವೂ ಹಾಗೇ.

ಯಾವುದನ್ನೇ ಹಾಕಿಸಿ, ಗ್ಯಾರೇಜಿನಿಂದ ಹೊರಡುವ ಮುಂಚೆ ಎಂಜಿನ್ನಿಗೆ ಆಯಿಲ್ ಕಳಿಸುವ ಆಯಿಲ್ ಪಂಪ್ ನೋಡಿ. ಈ ಗಾಡಿಯಲ್ಲಿ ಥ್ರಾಟಲ್ ಕೇಬಲ್ ಎರಡಾಗಿ ಒಡೆದು ಒಂದು ಕಾರ್ಬ್ಯುರೇಟರಿಗೆ, ಇನ್ನೊಂದು ಪಂಪಿಗೆ ಹೋಗುತ್ತದೆ. ಮೇಲಿನದನ್ನು ಅಡ್ಜಸ್ಟ್ ಮಾಡಿ ಕೆಳಗಿನದನ್ನು ಮರೆತರೆ ಆಯಿಲ್ ಲೆಕ್ಕ ತಪ್ಪುತ್ತದೆ. ಕವರ್ ಬಿಚ್ಚಿ, ಪಂಪಿನ ಪುಲ್ಲಿಯ ಮೇಲಿನ ಗುರುತು ಸರಿಯಾದ ಜಾಗಕ್ಕೆ ಬರುತ್ತದೆಯೇ ಅಂತ ತೋರಿಸಲು ಹೇಳಿ. ಪಂಪ್ ಕಿತ್ತು ಹಾಕಿ ಟ್ಯಾಂಕಿಗೇ ಆಯಿಲ್ ಬೆರೆಸುವವರಿಗೆ ಈ ತಲೆನೋವಿಲ್ಲ.