ತಮ್ಮನಿರುವ ಮನೆ: ಎರಡು ಮಳೆಗಾಲ ಕಂಡ ಮೇಲೆ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ನನ್ನ ತಮ್ಮನನ್ನು ತೀರ್ಥಹಳ್ಳಿ ಕಡೆಯ ಒಂದು ವಸತಿ ಪುನರ್ವಸತಿ ಕೇಂದ್ರಕ್ಕೆ ಸೇರಿಸಿ ಎರಡು ಮಳೆಗಾಲಗಳು ಕಳೆದಿವೆ. ಅಲ್ಲಿರುವವರ ಸುದ್ದಿ ಊರಿನವರ ಬಾಯಿಗೆ ಬೀಳುವುದು ಬೇಡವೆಂದು ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಆದರೆ ಮಲೆನಾಡಿನಲ್ಲಿ ಇಂಥ ಮನೆಯನ್ನು ಹುಡುಕುತ್ತಿರುವ ಕುಟುಂಬಗಳಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನು ಕಂಡಂತೆ ತಿಳಿಸುತ್ತೇನೆ.

ಮೊದಲ ಭೇಟಿಯಲ್ಲಿ ತೋಟ, ಹೆಂಚಿನ ಕಟ್ಟಡ, ಪ್ರಾರ್ಥನೆಯ ಹಜಾರ ಎಲ್ಲವನ್ನೂ ತೋರಿಸಿದರು. ನಾನು ಬಚ್ಚಲುಮನೆಯನ್ನು ನೋಡಬೇಕೆಂದೆ. ಅಲ್ಲಿ ಗೋಡೆಯ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು, ಒಳಗೆ ಅವರವರದೇ ಸೋಪು, ಬ್ರಶ್ಶು, ಬಾಚಣಿಗೆ. ತಮ್ಮನನ್ನು ಇಲ್ಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪಿದ್ದು ಆ ಹಲಗೆಯನ್ನು ನೋಡಿ. ಅವನು ಹಿಂದೆ ಇದ್ದ ಇನ್ನೊಂದು ಕಡೆ ಹೇನಿನ ನೆಪ ಹೇಳಿ ಎಲ್ಲರ ತಲೆಯನ್ನೂ ಒಂದೇ ದಿನ ಬೋಳಿಸಿದ್ದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಹಾಗೆ ಬಲವಂತವಾಗಿ ತಲೆ ಬೋಳಿಸುವಂತಿಲ್ಲ ಎಂಬುದು ಅಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಮ್ಮನೆ ಮರಳಿ ಬರುತ್ತಿರಲಿಲ್ಲ. ಇಲ್ಲಿಗೆ ತಿಂಗಳಿಗೊಮ್ಮೆ ಬರುವ ಕ್ಷೌರಿಕರು ಹೇಗೆ ಕತ್ತರಿಸಬೇಕೆಂದು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಕಿವಿ ಮುಚ್ಚುವಷ್ಟು ಕೂದಲು ಬೇಕೆಂದು ತಮ್ಮ ಹೇಳಿದ್ದಾನೆ, ಹಾಗೆಯೇ ಬಿಟ್ಟಿದ್ದಾರೆ.

ಔಷಧದ ವಿಷಯದಲ್ಲಿ ಈ ಕೇಂದ್ರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅವನು ತೆಗೆದುಕೊಳ್ಳುವುದು ಕ್ಲೋಜಪಿನ್. ಬೇರೆ ಮಾತ್ರೆಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಈ ಔಷಧದಿಂದ ರಕ್ತದ ಬಿಳಿಕಣಗಳು ಅಪಾಯದ ಮಟ್ಟಕ್ಕೆ ಇಳಿಯುವ ಸಾಧ್ಯತೆ ಇರುವುದರಿಂದ, ಆರಂಭದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ಆಗಲೇಬೇಕು. ಒಂದು ವಾರವನ್ನೂ ಅವರು ತಪ್ಪಿಸಲಿಲ್ಲ. ಮಲಬದ್ಧತೆಯೂ ಈ ಮಾತ್ರೆಯ ದೊಡ್ಡ ತೊಂದರೆಯೇ; ಅದನ್ನು ಕಡೆಗಣಿಸಿದರೆ ಪ್ರಾಣಕ್ಕೇ ಬರಬಹುದು. ಹಾಗಾಗಿ ಬೆಳಗಿನ ರಿಜಿಸ್ಟರಿನಲ್ಲಿ ಮಾತ್ರೆಯ ಗುರುತಿನ ಪಕ್ಕದಲ್ಲೇ ಶೌಚಕ್ಕೆ ಹೋದರೋ ಇಲ್ಲವೋ ಎಂಬುದಕ್ಕೂ ಒಂದು ಕಾಲಂ ಇಟ್ಟಿದ್ದಾರೆ. ಕಳೆದ ಜುಲೈಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿ ಮೂರು ದಿನ ಕರೆಂಟೂ ಇರಲಿಲ್ಲ. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನು ನೇರವಾಗಿ ಕೊಡುವಂತಿಲ್ಲ, ಮತ್ತೆ ಕಡಿಮೆಯಿಂದ ಏರಿಸುತ್ತ ಬರಬೇಕು. ನಾನು ಶಿವಮೊಗ್ಗದಲ್ಲಿ ಕುಳಿತು ಚಡಪಡಿಸುತ್ತಿದ್ದಾಗ ಮೇಲ್ವಿಚಾರಕಿಯೇ ಫೋನ್ ಮಾಡಿ, "ಅಕ್ಕಾ, ಮಳೆಗಾಲಕ್ಕೆ ಅಂತ ಹದಿನೈದು ದಿನದ ಮಾತ್ರೆ ತೆಗೆದಿಟ್ಟಿದ್ದೀವಿ, ನೀವು ಚಿಂತೆ ಮಾಡಬೇಡಿ" ಎಂದರು. ಆ ರಾತ್ರಿ ನನಗೆ ನಿದ್ದೆ ಬಂತು.

ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ದಯವಿಟ್ಟು ಎಲ್ಲರೂ ಕೇಳಿ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇರಿಸಿದ್ದ ಮನೆಗೆ 2001ರ ಆಗಸ್ಟಿನಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಮಂದಿ ಸತ್ತರು. ಈಗಿನ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೆ ಸಂಪೂರ್ಣ ನಿಷೇಧವಿದೆ. ಆದರೂ ಹೊರಗಿನಿಂದ ಹಾಕಿದ ಬೀಗವೂ ಅಷ್ಟೇ ಭಯ ಹುಟ್ಟಿಸುತ್ತದೆ. ಇಲ್ಲಿ ಕೋಣೆಗಳಿಗೆ ಹೊರಬೀಗವಿಲ್ಲ, ಮುಂಬಾಗಿಲ ಕೈ ರಾತ್ರಿಪಾಳಿಯವರ ಸೊಂಟದಲ್ಲಿರುತ್ತದೆ. ಮೂವತ್ತು ಜನರಿಗೆ ರಾತ್ರಿ ಇಬ್ಬರೇ ಇರುವುದು ಮಾತ್ರ ಸಾಲದು.

ಊಟ ಚೆನ್ನಾಗಿದೆ, ಬಟ್ಟೆಗಳು ಶುಚಿ. ನನಗೆ ಸಮಾಧಾನವಿಲ್ಲದ್ದು ಕೆಲಸದ ವಿಷಯದಲ್ಲಿ. ನಿವಾಸಿಗಳು ಅಡಿಕೆ ಹಾಳೆಯನ್ನು ತೊಳೆದು ಯಂತ್ರಕ್ಕೆ ಕೊಟ್ಟು ತಟ್ಟೆ ಮಾಡುತ್ತಾರೆ. ಬೆಳಗಿನ ಹೊತ್ತು ಕೈಗೆ ಕೆಲಸವಿರುವುದರಿಂದ ತಮ್ಮನ ಕಿವಿಯಲ್ಲಿ ಕೇಳಿಸುವ ದನಿಗಳು ತುಸು ದೂರವಾಗುತ್ತವೆಂದು ಅವನೇ ಹೇಳುತ್ತಾನೆ. ಆದ್ದರಿಂದ ಆ ಕೆಲಸ ನಿಲ್ಲಬಾರದು. ಆದರೆ ತಟ್ಟೆಗಳು ಪೇಟೆಯಲ್ಲಿ ಮಾರಾಟವಾಗುತ್ತವೆ, ಮಾಡಿದವರಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಕೇಳಿದರೆ "ಇದು ಚಿಕಿತ್ಸೆಯ ಭಾಗ" ಎನ್ನುತ್ತಾರೆ. ಮಾಡಿದ ಕೆಲಸಕ್ಕೆ ಸೂಕ್ತ ಸಂಭಾವನೆ ಪಡೆಯುವುದು ಅದೇ 20ನೇ ಸೆಕ್ಷನ್ ಕೊಟ್ಟ ಹಕ್ಕು ಎಂದು ನಾನು ಬರೆದುಕೊಟ್ಟೆ. ಮೂರು ತಿಂಗಳ ನಂತರ ಪ್ರತಿಯೊಬ್ಬರ ಹೆಸರಿನಲ್ಲಿ ಲೆಕ್ಕದ ಪುಸ್ತಕ ಇಡುವುದಾಗಿ ಒಪ್ಪಿದ್ದಾರೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಸೇರಿಸಿಕೊಳ್ಳುವಾಗ ನಾಲ್ಕು ಪುಟದ ಅರ್ಜಿ ತುಂಬಿಸಿಕೊಂಡವರು, ಅವನು ಮನೆಗೆ ಮರಳುವುದು ಯಾವಾಗ, ಅದಕ್ಕೆ ಏನೇನು ಕಲಿಯಬೇಕು ಎಂಬುದನ್ನು ಒಂದು ಸಾಲಿನಲ್ಲೂ ಬರೆದಿಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸುವುದನ್ನೂ ಬಸ್ಸು ಹತ್ತುವುದನ್ನೂ ಅವನಿಗೆ ಮತ್ತೆ ರೂಢಿ ಮಾಡಿಸುವವರು ಅಲ್ಲಿ ಯಾರೂ ಇಲ್ಲ. ಹೀಗಾಗಿ ಈಗ ಆ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಎರಡನೇ ಭಾನುವಾರ ಅವನನ್ನು ಕರೆದುಕೊಂಡು ತೀರ್ಥಹಳ್ಳಿ ಪೇಟೆಗೆ ಹೋಗುತ್ತೇನೆ, ಬಸ್ಸಿನ ಟಿಕೆಟ್ಟನ್ನು ಅವನೇ ತೆಗೆಸುತ್ತಾನೆ. ಹೋದ ಸಲ ಕಂಡಕ್ಟರು ಚಿಲ್ಲರೆ ಕಡಿಮೆ ಕೊಟ್ಟಾಗ ಅವನು ಎಣಿಸಿ, ಇನ್ನೂ ಐದು ರೂಪಾಯಿ ಬರಬೇಕು ಎಂದು ಕೈ ಚಾಚಿ ನಿಂತ.